ಮಂಡಿಚಿಪ್ಪಿನ ಕೆಳಗೆ ಎರಡು ಹೆಬ್ಬೆರಳು

ಜೂನ್ 9, ಸೋಮವಾರ

ದಿನಾ ಸಂಜೆ ಒಂದಷ್ಟು ಬರೆಯಿರಿ ಎಂದು ನರರೋಗದ ಡಾಕ್ಟರು ಹೇಳಿದ್ದಾರೆ. "ನನಗೆ ತೋರಿಸೋದೇನೂ ಬೇಡ. ಅಕ್ಷರ ಹೇಗಾಗ್ತಿದೆ ಅಂತ ನಿಮಗೇ ಗೊತ್ತಾಗುತ್ತೆ," ಎಂದರು. ಏನು ಬರೆಯಬೇಕೆಂದು ಹೇಳಲಿಲ್ಲ. ಕೇಳುವುದಕ್ಕೆ ನನಗೂ ಬಿಗುಮಾನ. ಆದ್ದರಿಂದ ನನ್ನ ವಿಷಯವನ್ನೇ ಬರೆಯುತ್ತೇನೆ. ಯಾರೂ ಓದುವುದಿಲ್ಲ, ಹೊಗಳಿಕೊಂಡರೂ ನಡೆಯುತ್ತದೆ.

ನಾನು ಕೃತಕ ಕಾಲು ಮಾಡುವವನು. ಆಸ್ಪತ್ರೆಯ ಹಿಂದಿನ ಕಾರ್ಯಾಗಾರದಲ್ಲಿ ಮೂವತ್ತು ವರ್ಷವಾಗುತ್ತ ಬಂತು. ಈ ಊರಿನ ಬೀದಿಯಲ್ಲಿ ನಿಂತರೆ ಎದುರಿಗೆ ಬರುವವರಲ್ಲಿ ನನ್ನ ಕಾಲುಗಳು ಯಾವುವು ಎಂದು ನಡಿಗೆ ನೋಡಿಯೇ ಹೇಳಬಲ್ಲೆ. ನನ್ನ ಕಾಲು ಎಂದು ಬರೆದೆ. ಹೌದು, ನನ್ನವೇ.

ಕೆಲವು ತಿಂಗಳಿಂದ ಕೈ ನಡುಗುತ್ತಿದೆ. ಬಲಗೈ ಹೆಚ್ಚು, ಅದರಲ್ಲೂ ಹೆಬ್ಬೆರಳು. ಭಯಂಕರ ಕಾಯಿಲೆಯೇನಲ್ಲವಂತೆ. ಮಾತ್ರೆಗೆ ತಗ್ಗಬಹುದು, ಪೂರ್ತಿ ಹೋಗುವುದಿಲ್ಲ. ಇದು ಡಾಕ್ಟರಿಗೆ ಗೊತ್ತು, ಹೆಂಡತಿಗೆ ಗೊತ್ತು. ಕೆಲಸದ ಕಡೆ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಅಪ್ಪ ಹೇಳುತ್ತಿದ್ದ, ನಿನ್ನ ಪಾಲಿಗೆ ಬಂದ ಕೆಲಸವೇ ನಿನ್ನ ಧರ್ಮ, ಅದನ್ನು ಬಿಟ್ಟವನು ತನ್ನನ್ನೇ ಬಿಟ್ಟ ಹಾಗೆ ಅಂತ. ಅವನು ಹಾಸಿಗೆ ಹಿಡಿದ ಮೇಲೂ ಹೊಲಿಗೆ ಮೆಷಿನ್ನನ್ನು ಕಣ್ಣಿಗೆ ಕಾಣುವ ಹಾಗೆ ಇರಿಸಿಕೊಂಡಿದ್ದ. ನಾನು ಅಂಥವನ ಮಗ.

ಜೂನ್ 11, ಬುಧವಾರ

ಇವತ್ತು ಒಬ್ಬ ಭಿಕ್ಷು ಬಂದರು. ಬೌದ್ಧ ಸನ್ಯಾಸಿ, ಅರವತ್ತರ ಆಸುಪಾಸು, ಬೋಳು ತಲೆ, ಊರುಗೋಲು, ಬಾಯಿ ತುಂಬ ನಗು. ಎಲ್ಲರೂ ಭಂತೆ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಅವರು ನನ್ನನ್ನು "ಯಜಮಾನ್ರೇ" ಎಂದರು. ಬರಿಗಾಲಿಗೆ ಮೊಳೆ ಚುಚ್ಚಿ, ಸಕ್ಕರೆ ಕಾಯಿಲೆಯ ಮೈಯಲ್ಲಿ ಅದು ಕೊಳೆತು, ಬಲಗಾಲು ಮಂಡಿಯ ಕೆಳಗೆ ಹೋಗಿದೆ.

ಸರ್ಜನ್ ಬಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮಂಡಿ ಉಳಿಸಿದೀನಿ. ಇನ್ನು ಅದು ನಿಮ್ಮ ಕೈಯಲ್ಲಿದೆ. ಮತ್ತೆ ಗಾಯ ಆಗಿ ಕೀವು ಮೇಲೇರಿದ್ರೆ ಮಂಡಿ ಮೇಲೆ ಕತ್ತರಿಸಬೇಕಾಗುತ್ತೆ." ಮಂಡಿ ಇದ್ದವನು ಕೃತಕ ಕಾಲಲ್ಲೂ ನಡೆಯುತ್ತಾನೆ. ಈ ವಯಸ್ಸಿನಲ್ಲಿ ಮಂಡಿ ಹೋದವನಿಗೆ ಗಾಲಿಕುರ್ಚಿಯೇ ಗತಿ. ನನಗೆ ಹೇಳಿಕೊಡಬೇಕೆ?

"ಯಾವಾಗ ನಡೀತೀನಿ?" ಎಂದು ಕೇಳಿದರು ಭಂತೆ.

"ಅವಸರ ಯಾಕೆ? ಆಸೆಯೇ ದುಃಖಕ್ಕೆ ಮೂಲ ಅಂತೀರಲ್ಲ ನೀವು."

"ಆಸೆ ನನಗಿಲ್ಲಪ್ಪ. ಕಾಯ್ತಾ ಇರೋರಿದಾರೆ."

ಕಾಯುತ್ತಿರುವವರು ಊರಾಚೆಯ ಜೈಲಿನವರು. ಜೀವಾವಧಿ ಶಿಕ್ಷೆಯವರ ಜೊತೆ ವಾರಕ್ಕೊಮ್ಮೆ ಹೋಗಿ ಕೂರುತ್ತಾರಂತೆ, ಅದೂ ನಡೆದುಕೊಂಡೇ. ಬಸ್ಸಿದೆಯಲ್ಲ ಎಂದೆ. "ಬಸ್ಸಲ್ಲಿ ಹೋದ್ರೆ ದಾರೀಲಿ ಸಿಗೋರು ಸಿಗಲ್ಲ," ಎಂದರು. ಹಟಮಾರಿ ಮನುಷ್ಯ. ನನಗೆ ಇಷ್ಟವಾದರು.

ಜೂನ್ 13, ಶುಕ್ರವಾರ

ಅಚ್ಚು ತೆಗೆದೆ.

ಕತ್ತರಿಸಿ ಉಳಿದ ಕಾಲಿಗೆ ನಾವು ಮೋಟು ಎನ್ನುತ್ತೇವೆ, ಅದು ಹೋಗಿ ಕೂರುವ ಭಾಗಕ್ಕೆ ಬಟ್ಟಲು. ಮೋಟಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಅದು ಗಟ್ಟಿಯಾಗುವ ತನಕ ಮಂಡಿಚಿಪ್ಪಿನ ಕೆಳಗೆ ಎರಡೂ ಹೆಬ್ಬೆರಳು ಒತ್ತಿ ಹಿಡಿಯಬೇಕು. ಆ ಎರಡು ಗುಳಿಗಳ ಮೇಲೇ ಮನುಷ್ಯನ ಭಾರ ನಿಲ್ಲುವುದು. ಬೆರಳು ಕದಲಿದರೆ ಗುಳಿ ಕದಡುತ್ತದೆ, ಭಾರ ಜಾರಿ ಎಲುಬಿನ ತುದಿಗೆ ಬೀಳುತ್ತದೆ. ಎಲುಬಿನ ತುದಿಯ ಚರ್ಮ ಅದನ್ನು ತಡೆಯುವುದಿಲ್ಲ.

ಬೆರಳು ಕದಲಿತು. ಸ್ವಲ್ಪವೇ. ಅಚ್ಚಿಗೆ ಪ್ಲಾಸ್ಟರ್ ತುಂಬಿ ಮಾದರಿ ಮಾಡಿದ ಮೇಲೆ ಅರ ಹಾಕಿ ಉಜ್ಜಿ ಸರಿಮಾಡಬಹುದು. ಮೂವತ್ತು ವರ್ಷದ ಕಣ್ಣು ಮತ್ತೆ ಯಾತಕ್ಕೆ?

ಅಳತೆಪಟ್ಟಿ ಪಕ್ಕದಲ್ಲೇ ನಿಂತಿದ್ದಳು. ನನ್ನ ಸಹೋದ್ಯೋಗಿ, ಊಟದ ಹೊತ್ತಿನಲ್ಲೂ ಕೊರಳಲ್ಲಿ ಟೇಪು ನೇತಾಡುತ್ತಿರುವುದರಿಂದ ನಾನಿಟ್ಟ ಹೆಸರು. "ಸರ್, ನಾನು ಹಿಡೀಲಾ?" ಎಂದಳು. ಬೇಡ ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತೇನೋ. ಭಂತೆ ಒಮ್ಮೆ ನನ್ನ ಮುಖ ನೋಡಿದರು, ಮತ್ತೆ ಸುಮ್ಮನೆ ಸೂರು ನೋಡುತ್ತ ಕೂತರು.

ಜೂನ್ 14, ಶನಿವಾರ

ಅಕ್ಷರ ಚೆನ್ನಾಗಿಯೇ ಇದೆ.

ಜೂನ್ 24, ಮಂಗಳವಾರ

ಭಂತೆ ನಡೆದರು! ಎರಡು ಕಂಬಿ ಹಿಡಿದು ಆ ತುದಿಯಿಂದ ಈ ತುದಿಗೆ. ಬಾಗಿಲಲ್ಲಿ ನಿಂತಿದ್ದ ನರ್ಸುಗಳು ಚಪ್ಪಾಳೆ ತಟ್ಟಿದರು. ನಾನು ಅಳತೆಪಟ್ಟಿಯ ಕಡೆ ನೋಡಿದೆ, ನೋಡು ಎನ್ನುವ ಹಾಗೆ. ಅವಳು ಭಂತೆಯ ಮುಖ ನೋಡುತ್ತಿದ್ದಳು.

ಆಮೇಲೆ ಕಾಫಿ ಕುಡಿಯುತ್ತ ಮಾತಿಗೆ ಕೂತೆವು. ಅಪ್ಪನ ಮಾತು ಹೇಳಿದೆ. ಪ್ರತಿಯೊಬ್ಬನೂ ಒಂದು ಕೆಲಸ ಹೊತ್ತುಕೊಂಡೇ ಹುಟ್ಟುತ್ತಾನೆ, ಅದು ಗೊತ್ತಾದವನು ಪುಣ್ಯವಂತ, ನನಗೆ ಗೊತ್ತಾಯಿತು ಎಂದೆ. ಅವರು ಲೋಟದ ಬಿಸಿಗೆ ಎರಡೂ ಅಂಗೈ ಕಾಯಿಸಿಕೊಂಡು ಹೇಳಿದರು, "ನಮ್ಮಲ್ಲಿ ಸ್ವಲ್ಪ ತಾಪತ್ರಯ ಯಜಮಾನ್ರೇ. ನಾನು ಅನ್ನೋ ಗಟ್ಟಿ ವಸ್ತುವೇ ಇಲ್ಲ ಅಂತೀವಿ. ಮತ್ತೆ ನನ್ನ ಗುರಿ ಅಂತ ಹೊತ್ಕೊಂಡು ಬರೋದು ಯಾರು? ಎದುರಿಗೆ ಒಂದು ನೋವಿದೆ. ಅದು ಕರೆಯುತ್ತೆ. ಹೋಗ್ತೀವಿ, ಅಷ್ಟೆ."

"ಕರೆದ್ರೆ ಸಾಕಾ? ಹೋಗೋಕೆ ಕಾಲು ಬೇಡ್ವಾ?"

"ಅದಕ್ಕೇ ನಿಮ್ಮ ಹತ್ರ ಬಂದಿದ್ದು," ಎಂದು ನಕ್ಕರು. ವಾದದಲ್ಲಿ ಗೆದ್ದೆ ಅಂದುಕೊಳ್ಳುತ್ತೇನೆ.

ಜೂನ್ 27, ಶುಕ್ರವಾರ

ಎಲುಬಿನ ತುದಿಯಲ್ಲಿ ಗಾಯವಾಗಿದೆ. ನಾಣ್ಯದಷ್ಟು.

ಹೇಳಿದ್ದಕ್ಕಿಂತ ಹೆಚ್ಚು ನಡೆದಿದ್ದಾರೆ. ಒಳಗೆ ಹಾಕುವ ಕಾಲುಚೀಲವೂ ಸರಿಯಿರಲಿಲ್ಲ, ಈ ಸಲ ಬಂದ ಮಾಲೇ ಕಳಪೆ. ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಹೆಂಡತಿ ಒಗೆದ ಬಟ್ಟೆ ಮಡಚುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು. ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಇವಳಿಗೆ ಎಲ್ಲರೂ ಮಕ್ಕಳ ಹಾಗೇ ಕಾಣುತ್ತಾರೆ. ಊಟ ಬಿಟ್ಟು ಎದ್ದೆ.

ಜುಲೈ 7, ಸೋಮವಾರ

ಗಾಯ ಮಾಗಿದೆ. ನಾಳೆ ಮತ್ತೆ ಅಚ್ಚು.

ಹೆಂಡತಿ ಬೆಳಿಗ್ಗೆಯೇ ಶುರು ಮಾಡಿದಳು. "ರೀ, ಈ ಸಲ ಆ ಹುಡುಗಿ ತೆಗೀಲಿ. ನೀವು ಪಕ್ಕದಲ್ಲಿ ನಿಂತು ಹೇಳಿ."

"ನಿನಗೆ ಅರ್ಥ ಆಗಲ್ಲ ಕಣೇ. ಇದು ನನ್ನ ಧರ್ಮ."

"ನನ್ನ ಕೋಳಿ ಕೂಗಿದ್ರೇನೇ ಊರಿಗೆ ಬೆಳಗಾಗೋದು ಅಂತ ಕೋಳೀನ ಕಂಕುಳಲ್ಲಿ ಇಟ್ಕೊಂಡು ಹೋದ್ಲಲ್ಲ ಮುದುಕಿ, ಅವಳೂ ಇದೇ ಅಂದಿದ್ದು. ಫಲ ಬಿಟ್ಟು ಕೆಲಸ ಮಾಡು ಅಂತಾರೆ ದೊಡ್ಡೋರು. ನೀವು ಫಲ ಬಿಟ್ಟಿರಬಹುದು, ಕೆಲಸಾನ ಮಾತ್ರ ಅವುಚಿಕೊಂಡು ಕೂತಿದೀರ."

ಎದ್ದು ಹೋಗುವ ಮುಂಚೆ ನನ್ನ ಲೋಟವನ್ನು ಅರ್ಧ ಮಾತ್ರ ತುಂಬಿಸಿದಳು. ಇತ್ತೀಚೆಗೆ ಹಾಗೇ ಮಾಡುತ್ತಾಳೆ, ಚೆಲ್ಲದಿರಲಿ ಅಂತ. ಅದನ್ನು ಕಂಡರೆ ಮೈ ಉರಿಯುತ್ತದೆ.

ಜುಲೈ 8, ಮಂಗಳವಾರ

ಎರಡು ಮಾತ್ರೆ ಹೆಚ್ಚಿಗೆ ನುಂಗಿ ಹೋದೆ. ಅಳತೆಪಟ್ಟಿಯನ್ನು ಉಗ್ರಾಣಕ್ಕೆ ಕಳಿಸಿ, ಅವಳು ಬರುವಷ್ಟರಲ್ಲಿ ಅಚ್ಚು ಮುಗಿಸಿದೆ. ಮಾತ್ರೆಯಿಂದ ತಲೆ ಮಂಕಾಗಿತ್ತು, ಬೆರಳಿನ ನಡುಕ ಮಂಕಾಗಲಿಲ್ಲ. ಭಂತೆ ಈ ಸಲ ಕಣ್ಣು ಮುಚ್ಚಿ ಕೂತಿದ್ದರು. "ನೋವಾಯ್ತಾ?" ಎಂದು ಕೇಳಿದ್ದಕ್ಕೆ, "ನೀವು ಮಾಡಿ," ಎಂದರು.

ಸರಿಯಾಗಿ ಬಂದಿದೆ. ಬಂದಿದೆ ಎಂದೇ ಅಂದುಕೊಂಡಿದ್ದೇನೆ.

ಜುಲೈ 17, ಗುರುವಾರ

ಮತ್ತೆ ಗಾಯ. ಅದೇ ಜಾಗ. ಈ ಸಲ ಕೀವಾಗಿದೆ, ಜ್ವರ ಬಂದಿದೆ, ವಾರ್ಡಿಗೆ ಸೇರಿಸಿದ್ದಾರೆ. ಸೋಮವಾರದ ತನಕ ನೋಡುತ್ತೇನೆ, ಇಳಿಯದಿದ್ದರೆ ಮಂಡಿ ತೆಗೆಯುತ್ತೇನೆ ಎಂದರು ಸರ್ಜನ್.

ಹೆದರಿಕೆಯಾಗಿದೆ. ಬರೆಯಲು ಬೇರೇನೂ ಇಲ್ಲ.

ಜುಲೈ 18, ಶುಕ್ರವಾರ

ವಾರ್ಡಿಗೆ ಹೋದೆ. ಕಿಟಕಿ ಪಕ್ಕದ ಮಂಚ. ಕಾಲಿನ ಕೆಳಗೆ ಎರಡು ದಿಂಬು. ಭಂತೆಯ ತುಟಿ ಒಣಗಿತ್ತು. ನೀರು ಕೊಡಲು ಲೋಟ ಎತ್ತಿದೆ, ಅರ್ಧ ಅವರ ಎದೆಯ ಮೇಲೇ ಚೆಲ್ಲಿದೆ. ಇನ್ನು ಮುಚ್ಚಿಡುವುದೇನು?

"ಭಂತೆ, ನನ್ನ ಕೈ ನಡುಗುತ್ತೆ. ಎರಡು ಸಲಾನೂ ನಡುಗಿತು. ಈ ಗಾಯ ನಾನು ಮಾಡಿದ್ದು."

"ಗೊತ್ತು," ಎಂದರು.

"ಯಾವಾಗಿಂದ?"

"ಮೊದಲನೇ ದಿನದಿಂದ. ನೀವು ಹಿಡಿದಿದ್ದು ನನ್ನ ಕಾಲನ್ನಲ್ವಾ? ಮೋಟಿಗೆ ಕಣ್ಣಿಲ್ಲ ಅಷ್ಟೆ, ಚರ್ಮ ಇದೆ."

ಕ್ಷಮೆ ಕೇಳಲು ಹೋದವನು ನಾನು. ಆ ಮಾತು ಕೇಳಿ ಎಲ್ಲಿಲ್ಲದ ಸಿಟ್ಟು ಬಂತು. ಪಕ್ಕದ ಮಂಚದವನು ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆ. "ಗೊತ್ತಿದ್ದೂ ಸುಮ್ಮನಿದ್ರಾ? ಎರಡನೇ ಸಲಾನೂ ಕಾಲು ಕೊಟ್ರಾ?"

"ನಿಮ್ಮ ಮುಖ ನೋಡಿದೆ. ಈ ಕೆಲಸ ಕಿತ್ಕೊಂಡ್ರೆ ಈ ಮನುಷ್ಯ ಉಳಿಯಲ್ಲ ಅನ್ನಿಸ್ತು. ಹೋದ್ರೆ ನನ್ನ ಕಾಲು ತಾನೇ, ಹೋಗಲಿ ಅಂದ್ಕೊಂಡೆ. ಹಸಿದ ಹುಲಿಗೆ ಮೈಯನ್ನೇ ಕೊಟ್ಟೋರ ಕಥೆ ಕೇಳಿ ಬೆಳೆದೋನು ನಾನು."

"ನಾನು ಹಸಿದ ಹುಲಿಯಾ?"

ನರ್ಸು ಬಂದು ಸಲೈನ್ ಬಾಟಲಿ ಬದಲಿಸಿ ಹೋದಳು. ಆಮೇಲೆ ಭಂತೆ ಹೇಳಿದರು, "ಅಲ್ಲ. ತಪ್ಪಾಗಿದ್ದೇ ಅಲ್ಲಿ. ನಿಮ್ಮನ್ನ ಹುಲಿ ಮಾಡಿ ನಾನು ದೊಡ್ಡೋನಾದೆ. ಕರುಣೆ ಅಂದ್ಕೊಂಡಿದ್ದೆ, ನಿನ್ನೆ ಜ್ವರದಲ್ಲಿ ಮಲಗಿದಾಗ ಗೊತ್ತಾಯ್ತು, ಬರೀ ಜಂಬ. ಈ ಮಂಡಿ ಹೋದ್ರೆ ಜೈಲಲ್ಲಿರೋರ ಹತ್ರ ಹೋಗೋರು ಯಾರು? ಜೀವಮಾನವೆಲ್ಲ ನಿಮಗೆ ನಿದ್ದೆ ಬರುತ್ತಾ? ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳೋದು ಕಷ್ಟ, ಕಾಲು ಕೊಡೋದು ಸುಲಭ ಅನ್ನಿಸ್ತು ನೋಡಿ."

ಅವರ ಕಣ್ಣಲ್ಲಿ ನೀರಿತ್ತು. ನನಗೂ ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ನಾನು ಧರ್ಮ ಎಂದು ಹಿಡಿದುಕೊಂಡೆ, ಅವರು ಧರ್ಮ ಎಂದು ಬಿಟ್ಟುಕೊಟ್ಟರು, ನಡುವೆ ಒಂದು ಮಂಡಿ ಕೊಳೆಯುತ್ತಿತ್ತು. ಇಬ್ಬರೂ ವಯಸ್ಸಾದವರು, ನಾಲ್ಕು ಅಕ್ಷರ ಬಲ್ಲವರು. ನಾಚಿಕೆಯಾಗುತ್ತದೆ.

"ಮೂರನೇ ಸಲ ನಾನು ಹಿಡಿಯಲ್ಲ," ಎಂದೆ.

"ಹಿಡಿದ್ರೂ ನಾನು ಕೊಡಲ್ಲ," ಎಂದರು.

ಜುಲೈ 19, ಶನಿವಾರ

ಅಳತೆಪಟ್ಟಿಗೆ ಹೇಳಿದೆ. ಸಮಾಧಾನದ ಮಾತಾಡುತ್ತಾಳೆ ಎಂದುಕೊಂಡಿದ್ದೆ. "ಮೊದಲನೇ ಅಚ್ಚಲ್ಲೇ ಹಿಡೀಲಾ ಅಂತ ಕೇಳಿದ್ದೆ ಸರ್. ಎರಡನೇ ಸಲ ಉಗ್ರಾಣಕ್ಕೆ ಕಳಿಸಿದ್ರಿ," ಎಂದಳು. ಅಷ್ಟೇ ಹೇಳಿ ಅರ ಹಾಕುವುದಕ್ಕೆ ಹೋದಳು. ಸಂಜೆಯ ತನಕ ಮುಖ ಕೊಡಲಿಲ್ಲ. ತಪ್ಪು ಅವಳದಲ್ಲ.

ಸರ್ಜನ್‌ಗೂ ಹೇಳಿದೆ. ಇನ್ನು ಮುಂದೆ ನೀವು ಅಚ್ಚು ಮುಟ್ಟಬೇಡಿ ಎಂದರು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದನೋ.

ಜುಲೈ 21, ಸೋಮವಾರ

ಕೀವು ಇಳಿದಿದೆ. ಮಂಡಿ ಉಳಿಯಿತು. ಉಳಿಯಿತು! ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರೋ ಹೆಂಗಸು ನಿಮ್ಮವರು ಯಾರು ತೀರಿಹೋದರು ಎಂದು ವಿಚಾರಿಸಿದಳು.

ಆಗಸ್ಟ್ 4, ಸೋಮವಾರ

ಮೂರನೇ ಅಚ್ಚು. ಹೆಬ್ಬೆರಳು ಅಳತೆಪಟ್ಟಿಯವು.

ಅವಳು ನನ್ನ ಹಾಗೆ ಹಿಡಿಯುವುದಿಲ್ಲ. ಬೆರಳನ್ನು ಇನ್ನೂ ಸ್ವಲ್ಪ ಓರೆಯಾಗಿ ಇಡುತ್ತಾಳೆ. ಹಾಗಲ್ಲ ಎನ್ನಲು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಭಂತೆ ಹೆದರಿಕೊಂಡಿದ್ದರು, ಹೆದರಿಲ್ಲ ಎನ್ನುತ್ತಿದ್ದರು. ಮೋಟಿನ ಸ್ನಾಯು ಕಲ್ಲಾಗಿತ್ತು. "ಸರ್, ನೀವು ಅವರ ಜೊತೆ ಏನಾದ್ರೂ ಮಾತಾಡಿ. ಬಿಗಿ ಹಿಡಿದ್ರೆ ಅಚ್ಚು ಕೆಡುತ್ತೆ," ಎಂದಳು. ಬೇರೆ ಕೆಲಸವಿಲ್ಲವಲ್ಲ, ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ.

ಅಪ್ಪ ಒಬ್ಬ ಗಿರಾಕಿಗೆ ಒಂದು ತೋಳು ಉದ್ದವಾಗಿ ಅಂಗಿ ಹೊಲಿದು, ನಿಮ್ಮ ಕೈಯೇ ಗಿಡ್ಡ ಎಂದು ಸಾಧಿಸಿ ಕಳಿಸಿದ ಕಥೆ ಹೇಳಿದೆ. ಭಂತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಪ್ಲಾಸ್ಟರ್ ಗಟ್ಟಿಯಾಗಿತ್ತು. ಗುಳಿಗಳು ಎರಡೂ ಸ್ವಚ್ಛ. ನನ್ನ ಒಳ್ಳೆಯ ದಿನಗಳಲ್ಲಿ ಬರುತ್ತಿದ್ದ ಹಾಗೇ ಇವೆ. ಹಾಗೆಂದು ಅವಳಿಗೆ ಹೇಳಿದೆ.

ಆಗಸ್ಟ್ 16, ಶನಿವಾರ

ಭಂತೆ ಇವತ್ತು ಜೈಲಿಗೆ ನಡೆದರು. ಗಾಯವಿಲ್ಲ, ಕೆಂಪೂ ಇಲ್ಲ. ನಾನು ಜೊತೆಗೆ ಹೋದೆ, ದಾರಿಯಲ್ಲಿ ಬಿದ್ದರೆ ಎತ್ತಲು. ಅವರು ಬೀಳಲಿಲ್ಲ, ಆದರೆ ಬಹಳ ನಿಂತರು. ಗ್ಯಾರೇಜಿನವನ ಹತ್ತಿರ, ಹಾಲಿನ ಅಂಗಡಿಯ ಹತ್ತಿರ, ಗೋಡೆಗೊರಗಿ ಕೂತ ಒಬ್ಬ ಕುಡುಕನ ಹತ್ತಿರ. ಬಸ್ಸಿನಲ್ಲಿ ಹೋದರೆ ಸಿಗದವರು ಇವರೇ ಇರಬೇಕು. ಒಂದು ಹರದಾರಿ ದಾರಿಗೆ ಅರ್ಧ ದಿನ.

ಗೇಟಿನ ಹತ್ತಿರ ಕೇಳಿದೆ, "ಭಂತೆ, ಪಾಲಿಗೆ ಬಂದ ಕೆಲಸವೇ ಕೈಬಿಟ್ಟು ಹೋದ್ರೆ ಧರ್ಮ ಎಲ್ಲಿ ಉಳಿಯುತ್ತೆ?"

"ನನಗೆ ಗೊತ್ತಿಲ್ಲ ಯಜಮಾನ್ರೇ," ಎಂದರು. "ಗೊತ್ತಿದೆ ಅನ್ಕೊಂಡೇ ಒಂದು ಮಂಡಿ ಕಳ್ಕೋತಿದ್ದೆ."

ಒಳಗೆ ಹೋದರು. ತಿರುಗಿ ನೋಡಲಿಲ್ಲ, ಉಪಕಾರವಾಯಿತು ಎನ್ನಲಿಲ್ಲ. ಮೊದಲು ಮುನಿಸಾಯಿತು. ಆಮೇಲೆ ಅವರ ನಡಿಗೆ ನೋಡುತ್ತ ನಿಂತೆ. ಹಿಮ್ಮಡಿ ಊರಿ, ಭಾರ ಬಿಟ್ಟು, ಮುಂದಿನ ಹೆಜ್ಜೆ. ಕಾಲು ಯಾರು ಮಾಡಿದ್ದು ಎಂದು ಆ ನಡಿಗೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಬಸ್ಸು ಹತ್ತದೆ ವಾಪಸು ನಡೆದೇ ಬಂದೆ.

ಆಗಸ್ಟ್ 20, ಬುಧವಾರ

ಕೆಲಸವಿಲ್ಲ. ಸುಮ್ಮನೆ ಸಂಬಳ ತಿನ್ನುತ್ತಿದ್ದೇನೆ. ಬೆಳಿಗ್ಗೆ ಒಬ್ಬ ಲಾರಿ ಡ್ರೈವರಿನ ಹೆಂಡತಿಗೆ ಧೈರ್ಯ ಹೇಳುತ್ತ ಕೂತೆ, ಮಧ್ಯಾಹ್ನ ಡ್ರೈವರಿನ ಬೈಗುಳ ಕೇಳುತ್ತ ಕೂತೆ. ಇಲ್ಲದ ಪಾದ ಕಡಿಯುತ್ತದೆ ಎನ್ನುತ್ತಾನೆ, ಯಾರೂ ನಂಬುತ್ತಿಲ್ಲವಂತೆ. ನಂಬಿದೆ. ಮೂವತ್ತು ವರ್ಷದಿಂದ ಕೇಳುತ್ತಿದ್ದೇನಲ್ಲ. ಅವನು ಆಮೇಲೆ ನಿದ್ದೆ ಮಾಡಿದ. ಹೀಗೆ ಹೊತ್ತು ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಕೈಯಿಂದ ಅರ್ಧ ಲೋಟ ನೀರು ತೆಗೆದುಕೊಂಡು ಕುಡಿದೆ. ಸಾಕಾಯಿತು.

ಆಗಸ್ಟ್ 26, ಮಂಗಳವಾರ

ಇವತ್ತು ನನ್ನ ಕೈಯಲ್ಲಿ ಒಂದು ಬಟ್ಟೆಪಟ್ಟಿಯನ್ನೂ ಸುತ್ತಲು ಆಗಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಅಂಚೆ ಹಂಚುವಾಕೆಯೊಬ್ಬಳಿದ್ದಾಳೆ. ವಯಸ್ಸು ಮೂವತ್ತಿರಬಹುದು. ಸೈಕಲ್ಲಿಗೆ ಲಾರಿ ಬಡಿದು ಎಡಗಾಲು ಹೋಗಿದೆ. ಆಪರೇಷನ್ ಆದಾಗಿನಿಂದ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡೇ ಇದ್ದಾಳಂತೆ, ಒಮ್ಮೆಯೂ ಆ ಕಡೆ ನೋಡಿಲ್ಲ. ಯಾರಾದರೂ ಮುಟ್ಟಿದರೆ ಕಿರುಚುತ್ತಾಳೆ. ಊತ ಇಳಿಯಲು ಮೋಟಿಗೆ ಹಿಗ್ಗುವ ಬಟ್ಟೆಪಟ್ಟಿಯನ್ನು ದಿನಾ ಬಿಗಿಯಾಗಿ ಸುತ್ತಬೇಕು, ಇಲ್ಲದಿದ್ದರೆ ಯಾವ ಬಟ್ಟಲೂ ಕೂರುವುದಿಲ್ಲ. ನರ್ಸುಗಳು ಸೋತು ನನ್ನನ್ನು ಕರೆದರು. ಯಾಕೆ ನನ್ನನ್ನು ಕರೆದರೋ, ಬಿಡುವಾಗಿರುವವನು ನಾನೊಬ್ಬನೇ ಅಂತ ಕಾಣುತ್ತದೆ.

ಬೆಳಗಿನಿಂದ ಕೂತೆ. ಅವಳು ಗೋಡೆಯ ಕಡೆ ತಿರುಗಿಕೊಂಡಿದ್ದಳು. ಮಧ್ಯಾಹ್ನದ ಹೊತ್ತಿಗೆ, "ಏನ್ ಮಾಡ್ತಿದೀರಿ ಇಲ್ಲಿ?" ಎಂದಳು.

"ಪಟ್ಟಿ ಸುತ್ತೋಕೆ ಬಂದಿದ್ದೆ ಕಣಮ್ಮ."

"ಸುತ್ತಿ ಹಾಳಾಗಿ ಹೋಗಿ," ಎಂದು ಹೊದಿಕೆ ಸರಿಸಿ ಮುಖಕ್ಕೆ ಅಡ್ಡವಾಗಿ ಕೈ ಇಟ್ಟುಕೊಂಡಳು.

ಶುರು ಮಾಡಿದೆ. ಪಟ್ಟಿ ಕೈಯಿಂದ ಜಾರಿ ಮಂಚದ ಕೆಳಗೆ ಉರುಳಿತು. ಎತ್ತಿಕೊಂಡು ಮತ್ತೆ ಸುತ್ತಿದೆ, ಅರ್ಧಕ್ಕೆ ಸಡಿಲವಾಗಿ ಕಳಚಿಕೊಂಡಿತು. ಮೂರನೇ ಸಲ ಬೆರಳು ಹಟ ಹಿಡಿದವರ ಹಾಗೆ ಕುಣಿಯತೊಡಗಿತು. ಅವಳು ಮುಖದಿಂದ ಕೈ ತೆಗೆದು ನೋಡಿದಳು, ಮೊದಲು ನನ್ನ ಕೈಯನ್ನು.

"ನಡುಗ್ತಿದೆಯಲ್ರೀ ನಿಮ್ಮ ಕೈ."

"ಹೌದಮ್ಮ, ನಡುಗುತ್ತೆ. ಇದು ಹೋಗಲ್ವಂತೆ."

"ಹಿಂಗಾದ್ರೆ ಇವತ್ತಿಗೆ ಮುಗಿಯಲ್ಲ. ಕೊಡಿ ಇಲ್ಲಿ."

ಕಿತ್ತುಕೊಂಡು ತಾನೇ ಎದ್ದು ಕೂತಳು. ಎಡಗೈಯಲ್ಲಿ ಮೋಟು ಹಿಡಿದುಕೊಂಡು ಬಲಗೈಯಲ್ಲಿ ಸುತ್ತತೊಡಗಿದಳು. ಎರಡು ಸುತ್ತು ಬಂದ ಮೇಲೆ ತಾನು ಹಿಡಿದಿರುವುದೇನೆಂದು ತಿಳಿದಂತೆ ಕೈ ನಿಂತಿತು. ಅಲ್ಲೇ ಹಿಡಿದುಕೊಂಡು ಅತ್ತಳು. ಬಿಡಲಿಲ್ಲ. ಅತ್ತುಕೊಂಡೇ ಪೂರ್ತಿ ಸುತ್ತಿ ತುದಿ ಸಿಕ್ಕಿಸಿದಳು. ಬಾಗಿಲಲ್ಲಿ ನಿಂತಿದ್ದ ನರ್ಸು ಯಾಕೋ ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡಳು.

ಹೀಗೆ ಆ ಹುಡುಗಿಯೇ ಸುತ್ತಿಕೊಳ್ಳಬೇಕಾಯಿತು. ಹೇಳಿಕೊಳ್ಳುವಂಥ ಕೆಲಸ ಇವತ್ತೂ ಏನೂ ಆಗಲಿಲ್ಲ. ಅವಳು ಸುತ್ತಿದ್ದು ಮೇಲ್ಗಡೆ ತುಸು ಬಿಗಿಯಾಗಿದೆ, ತುದಿಯಲ್ಲಿ ಬಿಗಿ ಇದ್ದು ಮೇಲೆ ಹೋದಂತೆ ಸಡಿಲವಾಗಬೇಕು. ನಾಳೆ ಬೇಗ ಹೋಗಿ ಹೇಳಿಕೊಡಬೇಕು.